ಷರಾ: ಮು. ಬೇಡ

ಮೂವತ್ತೊಂಬತ್ತನೇ ಹೋಟೆಲು ಪಾಸಾದ ದಿನದಿಂದ ಮುನಿರಾಜನಿಗೆ ಊಟ ಸೇರದಾಯಿತು.

ಊಟ ಮಾಡುವುದೇ ಕೆಲಸವಾಗಿರುವವನಿಗೆ ಇದು ಸಣ್ಣ ತೊಂದರೆಯಲ್ಲ. ವಾರಕ್ಕೆ ಮೂರು ದಿನ ತನ್ನ ಬಿಳಿ ಓಮ್ನಿಯಲ್ಲಿ ಹಂಸಳನ್ನು ಕೂರಿಸಿಕೊಂಡು ಹಳೇ ಮದ್ರಾಸ್ ರಸ್ತೆ ಹಿಡಿಯಬೇಕು, ಹೋಟೆಲಿನ ಮುಂದೆ ನಿಲ್ಲಿಸಬೇಕು, ತಿನ್ನಬೇಕು, ಹೇಗಿತ್ತು ಅಂತ ಹೇಳಬೇಕು. ಬಿ.ಎ. ಮಾಡಿ ವ್ಯಾನ್ ಓಡಿಸ್ತಾನೆ ಅಂತ ದೊಡ್ಡನೆಕ್ಕುಂದಿಯಲ್ಲಿ ಮೂಗು ಮುರಿದಿದ್ದವರೇ ಈಗ "ಯಾವ ಜನ್ಮದ ಪುಣ್ಯ ಮಗಾ ಇದು?" ಅನ್ನುತ್ತಿದ್ದರು.

ಪುಣ್ಯವೆಲ್ಲ ಅಂಜನಮೂರ್ತಿಯವರದು. ವಿಮಾನಪುರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದು, ರಿಟೈರಾದ ಮೇಲೆ ಹಲಸೂರಿನಲ್ಲಿ ಪ್ರೆಸ್ ಇಟ್ಟವರು. ಕಾರಿನಲ್ಲಿ ಊರಿಗೆ ಹೊರಟ ಸಂಸಾರಗಳು ದಾರಿಯಲ್ಲಿ ಎಲ್ಲಿ ಇಳಿದು ಉಣ್ಣಬೇಕು ಅಂತ ಹೇಳುವ ಒಂದು ಪುಸ್ತಕ ತರಬೇಕೆಂಬುದು ಅವರ ಹುಚ್ಚು. ಶಿವಾಜಿನಗರದಿಂದ ಮುಳಬಾಗಿಲಿನವರೆಗೆ ನಲವತ್ತು ಜಾಗ. ಒಂದು ಹೆಚ್ಚೂ ಇಲ್ಲ, ಒಂದು ಕಮ್ಮಿಯೂ ಇಲ್ಲ.

ಒಂದೊಂದು ಹೋಟೆಲಿಗೂ ಒಂದೊಂದು ಗುಲಾಬಿ ಚೀಟಿ. ಮೇಲೆ ಹೋಟೆಲಿನ ಹೆಸರು, ನಡುವೆ ಪಾಸ್ ಅಥವಾ ರಿಜೆಕ್ಟ್, ಕೆಳಗೆ 'ಷರಾ' ಅಂತ ಎರಡು ಬೆರಳಗಲದ ಜಾಗ. ಅಷ್ಟರಲ್ಲೇ ಹಿಡಿಸಬೇಕಾದ್ದರಿಂದ ಅಲ್ಲಿ ಎಲ್ಲವೂ ಮೊಟಕು. ಉ.ಹೆ. ಅಂದರೆ ಉಪ್ಪು ಹೆಚ್ಚು. ನೊ.ಇ. ಅಂದರೆ ನೊಣ ಇವೆ. ಪಾಸಾಗಲು ಇಬ್ಬರ ಸಹಿ ಬೇಕು, ರಿಜೆಕ್ಟಿಗೆ ಒಬ್ಬರದು ಸಾಕು.

"ಒಂದೇ ನಾಲಿಗೇನ ನಂಬೋ ಹಾಗಿಲ್ಲ ಕಣಯ್ಯ, ಎರಡು ನಾಲಿಗೆ ಇರಬೇಕು," ಅಂದಿದ್ದರು ಅಂಜನಮೂರ್ತಿ ಮೊದಲ ದಿನವೇ.

"ಎರಡು ನಾಲಿಗೆ ಇರೋರನ್ನ ಜನ ನಂಬಲ್ಲ ಸಾರ್," ಅಂದಿದ್ದ ಮುನಿರಾಜ.

ಅಂಜನಮೂರ್ತಿ ನಗಲಿಲ್ಲ. ಪಕ್ಕದ ಮೇಜಿನಲ್ಲಿ ಪ್ರೂಫ್ ತಿದ್ದುತ್ತಿದ್ದ ಮರ್ಫಿ ಟೌನಿನ ಹುಡುಗಿ ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು ತಲೆ ಇನ್ನಷ್ಟು ತಗ್ಗಿಸಿದಳು. ಭುಜ ಮಾತ್ರ ಕುಲುಕಿತು.

ಆ ಕುಲುಕಿಗೇ ಮುನಿರಾಜ ಬಿದ್ದುಹೋದ.

ಅವಳೇ ಹಂಸ. ಹೆಸರಿಗೆ ತಕ್ಕ ನಾಲಿಗೆ. ಕಾಫಿಯ ಒಂದು ಗುಟುಕಿಗೇ ಹಾಲೆಷ್ಟು, ನೀರೆಷ್ಟು ಅಂತ ಬೇರೆ ಮಾಡಿ ಹೇಳುವಳು. ಉಣ್ಣಲು ಕೂರುವ ಮುಂಚೆ ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದು ಕಟ್ಟುವಳು, ಗದ್ದೆಗೆ ಇಳಿಯುವವರ ಹಾಗೆ. ಮೊದಮೊದಲು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದವಳು ಹನ್ನೊಂದನೇ ಹೋಟೆಲಿನ ಹೊತ್ತಿಗೆ ಮುಂದಿನ ಸೀಟಿಗೆ ಬಂದಿದ್ದಳು. ಇಪ್ಪತ್ತನೆಯದರ ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಅವಳದೇ ಒಂದು ಸೋಂಪಿನ ಡಬ್ಬಿ ಬಂದು ಕೂತಿತು. ಮೂವತ್ತರಲ್ಲಿ, ನರಸಾಪುರದಿಂದ ಬರುತ್ತಾ, ಅವಳಿಗೆ ನಿದ್ದೆ ಬಂದು ತಲೆ ಅವನ ಭುಜಕ್ಕೆ ವಾಲಿತು. ಮುನಿರಾಜ ಹೊಸಕೋಟೆಯವರೆಗೂ ಗೇರು ಬದಲಿಸಲಿಲ್ಲ. ಇಂಜಿನ್ನು ಅತ್ತಿತು.

ಇಂಥ ಲೆಕ್ಕದಲ್ಲಿ ನಲವತ್ತು ಬಂದುಬಿಟ್ಟರೆ ಆಮೇಲೇನು?

ಅಲ್ಲಿಗೆ ಕಿತಾಪತಿ ಶುರುವಾಯಿತು.

"ದೋಸೆಯಲ್ಲಿ ದೋಷ ಇದೆ," ಅಂದ ಒಂದು ಕಡೆ.

"ಏನು ದೋಷ?"

"ಗ್ರಹಚಾರ ದೋಷ. ರಿಜೆಕ್ಟ್."

ಇನ್ನೊಂದು ಕಡೆ, "ಉಪ್ಪಿಟ್ಟು ಅಂತಾರೆ, ಉಪ್ಪೇ ಇಟ್ಟಿಲ್ಲ," ಅಂದ. ಮೂರನೆಯ ಕಡೆ ಚಿತ್ರಾನ್ನವನ್ನು ವಿಚಿತ್ರಾನ್ನ ಅಂದು ಕೈ ತೊಳೆದುಬಿಟ್ಟ. ಹಂಸ ಹುಬ್ಬು ಕೂಡಿಸಿ ಅವನನ್ನೇ ಒಂದು ಗಳಿಗೆ ನೋಡುವಳು, ತನ್ನ ಎಲೆಯ ಚಿತ್ರಾನ್ನವನ್ನು ಒಂದಗಳೂ ಬಿಡದೆ ಮುಗಿಸುವಳು, ಆಮೇಲೆ ರಿಜೆಕ್ಟ್ ಚೀಟಿ ಹರಿದು ಕೊಡುವಳು. ಅವಳೂ ಕಡಿಮೆಯೇನಲ್ಲ. ಹೊಸಕೋಟೆಯ ಹತ್ತಿರ ಮಲ್ಲಿಗೆಯಂಥ ಇಡ್ಲಿಯನ್ನು "ಗ." ಅಂತ ಬರೆದು ಮೂಲೆಗೆಸೆದಳು. ಗ. ಅಂದರೆ ಗಟ್ಟಿ.

ಮೂರು ವಾರದಲ್ಲಿ ಒಂಬತ್ತು ಹೋಟೆಲು ಬಿದ್ದವು. ಐದು ಅವನ ಕೈಯಲ್ಲಿ, ನಾಲ್ಕು ಅವಳ ಕೈಯಲ್ಲಿ. ತನ್ನ ಐದೂ ಸುಳ್ಳು ಅಂತ ಮುನಿರಾಜನಿಗೆ ಗೊತ್ತಿತ್ತು. ಅವಳ ನಾಲ್ಕೂ ನಿಜ ಅಂತ ನಂಬಿದ್ದ. ನಂಬದೇ ಏನು, ಹಂಸ ಅಲ್ಲವೇ.

"ರೀ," ಅಂದಳು ಒಂದು ಸಂಜೆ, ಕೆ.ಆರ್. ಪುರದ ರೈಲ್ವೆ ಗೇಟಿನಲ್ಲಿ. ಆ ವರ್ಷ ತೂಗುಸೇತುವೆ ಇನ್ನೂ ಮುಗಿದಿರಲಿಲ್ಲ. ಕಂಬಗಳು ಎದ್ದು, ಕೇಬಲ್ಲು ಚಾಚಿಕೊಂಡು, ಕೆಳಗೆ ಲಾರಿ, ಆಟೋ, ಎಲ್ಲವೂ ಗೇಟಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದವು. ಇಡೀ ಬೆಂಗಳೂರಿನಲ್ಲಿ ಆ ಗೇಟು ಹಾಕಿದರೆ ಖುಷಿಪಡುತ್ತಿದ್ದವನು ಮುನಿರಾಜನೊಬ್ಬನೇ.

"ನೀವು ರೀ ಅಂದಾಗೆಲ್ಲ ನನಗೆ ಎದೆ ಹೊಡ್ಕೊಳುತ್ತೆ."

"ಯಾಕೆ?"

"ಮುಂದೆ ಜೆಕ್ಟ್ ಅಂದ್ಬಿಡ್ತೀರೇನೋ ಅಂತ."

ಅವಳ ಭುಜ ಕುಲುಕಿತು. ಮುನಿರಾಜನಿಗೆ ಉತ್ಸಾಹ ಬಂತು. ಅಂಜನಮೂರ್ತಿಯವರ ದನಿ ತೆಗೆದ, ಗಂಟಲಿನಲ್ಲಿ ಜಲ್ಲಿ ಹಾಕಿದಂತೆ: "ಹಂಸಾ, ಈ ಮುನಿರಾಜ ಅಳತೆಯ ಟಾಲರೆನ್ಸ್ ಒಳಗಿದಾನೇನಮ್ಮ? ಗೇಜ್ ಹಾಕಿ ನೋಡು." ಹಿಂದೆಯೇ ಹೋಟೆಲ್ ಸಪ್ಲೈಯರ್ ದನಿ, ಒಂದೇ ಉಸಿರಿನಲ್ಲಿ: "ಒಂದ್ ಮುನಿರಾಜ್ ಬಿಸಿಯಾಗಿದೆ ಮೇಡಂ ಸಾಂಬಾರ್ ಡಿಪ್ಪಾ ಸಪರೇಟಾ?"

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು, ಕಿಟಕಿಯ ಕಡೆ ತಿರುಗಿ, "ಎಲ್ಲರೂ ಮಾತಾಡಿದ್ರು," ಅಂದಳು. "ಮುನಿರಾಜ್ ಅವ್ರು ಒಬ್ಬರನ್ನ ಬಿಟ್ಟು."

ಹೇಳಲೇ ಅಂದುಕೊಂಡ. ಬಾಯಿ ತೆರೆದ. ಯಾವ ದನಿಯಲ್ಲಿ ಹೇಳಬೇಕೆಂದು ಹುಡುಕುವಷ್ಟರಲ್ಲಿ ಗೇಟು ತೆಗೆಯಿತು. ಹಿಂದಿನ ಲಾರಿ ಹಾರನ್ನು ಒತ್ತಿ ಅವನ ಮಾತನ್ನು ತಾನೇ ಮುಗಿಸಿತು.

ಮನೆಯಲ್ಲಿ ಅಪ್ಪ ಮುನಿನಾರಾಯಣಪ್ಪನ ಒತ್ತಾಯ ಬೇರೆ. ಪಕ್ಕದ ಫ್ಯಾಕ್ಟರಿಯವರು ಒಂದನೇ ತಾರೀಖಿನಿಂದ ಓಮ್ನಿಯನ್ನು ಶಿಫ್ಟಿಗೆ ಗೊತ್ತು ಮಾಡಿಕೊಳ್ಳುತ್ತೇವೆ ಅಂದಿದ್ದರು. "ಊರೂರು ಉಂಡ್ಕೊಂಡು ಎಷ್ಟು ದಿವ್ಸ ತಿರುಗ್ತೀಯ? ಹೂಂ ಅನ್ಬುಡು," ಅಂತ ಅಪ್ಪ. ಮುನಿರಾಜ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ರಾತ್ರಿ ಮಗ್ಗುಲು ಬದಲಿಸುತ್ತಾ ಹಗಲು ಗೇರು ಬದಲಿಸುತ್ತಾ ಕಳೆದ.

ಹತ್ತನೆಯದು ಪಿಳ್ಳಮ್ಮನ ಮೆಸ್ಸು. ಮೇಡಹಳ್ಳಿ ದಾಟಿದ ಮೇಲೆ, ಪಂಕ್ಚರ್ ಅಂಗಡಿಗೆ ಅಂಟಿಕೊಂಡು, ಶೀಟು ಹೊದ್ದ ಒಂದೇ ಕೋಣೆ. ಒಳಗೆ ನಾಲ್ಕು ಬೆಂಚು, ಒಂದು ಹೊಗೆ ಹಿಡಿದ ಕ್ಯಾಲೆಂಡರು. ಪಿಳ್ಳಮ್ಮ ಎರಡು ತಟ್ಟೆ ತಂದಿಟ್ಟಳು. ಮುದ್ದೆ, ಅವರೆಕಾಳಿನ ಸಾರು, ಪಕ್ಕದಲ್ಲಿ ಒಂದು ಈರುಳ್ಳಿ.

ಮುನಿರಾಜ ಬರುವಾಗಲೇ ದೂರು ತಯಾರು ಮಾಡಿಕೊಂಡು ಬಂದಿದ್ದ. ಮುದ್ದೆ ಗಂಟು ಅನ್ನುವುದೋ, ಸಾರು ನೀರು ಅನ್ನುವುದೋ. ಮೊದಲ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಿದ.

ಅವನ ಸತ್ತ ಅಜ್ಜಿ ಅಡಿಗೆಮನೆಯಿಂದ ಎದ್ದು ಬಂದು ತಲೆ ನೇವರಿಸಿದಂತಾಯಿತು.

ಎರಡನೇ ತುತ್ತಿಗೆ ದೂರು ಮರೆತುಹೋಯಿತು. ಮೂರನೆಯದಕ್ಕೆ ಹಂಸಳ ಕಡೆ ನೋಡಿದ. ಅವಳೂ ನೋಡುತ್ತಿದ್ದಳು. ಸಾರಿನ ಒಂದು ಹನಿ ಅವಳ ಕಿರುಬೆರಳಿನಿಂದ ಇಳಿದು ಮಣಿಕಟ್ಟಿನವರೆಗೆ ಹರಿದಿತ್ತು, ಅವಳು ಗಮನಿಸಿರಲಿಲ್ಲ. ಇಬ್ಬರೂ ಇನ್ನೊಂದು ಮುದ್ದೆ ಹಾಕಿಸಿಕೊಂಡರು.

"ಹೆಂಗೈತವ್ವ?" ಅಂದಳು ಪಿಳ್ಳಮ್ಮ.

"ಸಾರೇ ಸಾರಿ ಹೇಳ್ತಾ ಇದೆಯಲ್ಲಮ್ಮ," ಅಂದ ಮುನಿರಾಜ. ಶ್ಲೇಷೆ ಬಂತು, ದನಿಯಲ್ಲಿ ಜೀವ ಇರಲಿಲ್ಲ. ಈ ಸಾರಿಗೆ ಸುಳ್ಳು ಹೇಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಚೀಟಿ ಎಳೆದುಕೊಂಡು ಪಾಸ್ ಕೆಳಗೆ ಸಹಿ ಹಾಕಿದ. ಮುಗೀತು, ಅಂದುಕೊಂಡ. ನಲವತ್ತು.

ಹಂಸ ಚೀಟಿಯನ್ನು ಬಹಳ ಹೊತ್ತು ನೋಡಿದಳು. ಪೆನ್ನಿನ ಮುಚ್ಚಳ ಹಲ್ಲಿಗೆ ಹೋಯಿತು. ಏನೋ ಗೀಚಿದಳು, ಮಡಿಸಿ ಮೇಜಿನ ಮೇಲಿಟ್ಟು ಕೈ ತೊಳೆಯಲು ಹಿಂದಕ್ಕೆ ಹೋದಳು.

ಬೇರೆಯವರ ಷರಾ ಓದಬಾರದು. ಮುನಿರಾಜ ಓದಿದ.

ಅವನ ಸಹಿಯ ಮೇಲೆ ಒಂದು ಗೀಟು. ಪಕ್ಕದಲ್ಲಿ ರಿಜೆಕ್ಟ್. ಕೆಳಗೆ ಅವಳ ದುಂಡು ಅಕ್ಷರದಲ್ಲಿ: ಮು. ಬೇಡ.

ಒಂದು ಸಲ ಓದಿದ. ಇನ್ನೊಂದು ಸಲ ಓದಿದ. ಇಷ್ಟು ವರ್ಷ ಕಂಡವರ ಮಾತನ್ನೆಲ್ಲ ಮುರಿದು ಎರಡೆರಡು ಅರ್ಥ ತೆಗೆದವನಿಗೆ ಇದರಲ್ಲಿ ಒಂದೇ ಅರ್ಥ ಕಂಡಿತು.

ಮುನಿರಾಜ್ ಬೇಡ.

ಸಹಿಗೆ ಗೀಟು ಹಾಕಿದ್ದು ಅದಕ್ಕೇ. ಇವನ ನಾಲಿಗೆ ಬೇಡ, ಬೇರೆ ಯಾರನ್ನಾದರೂ ಕೊಡಿ ಅಂತ ಅಂಜನಮೂರ್ತಿಯವರಿಗೆ ಬರೆದಿದ್ದಾಳೆ. ಐದೈದು ಹೋಟೆಲಿಗೆ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಗದೇ ಇರುತ್ತದೆಯೇ. ಹಾಲು ನೀರು ಬೇರೆ ಮಾಡುವವಳು.

ಆ ಸಂಜೆ ರೈಲ್ವೆ ಗೇಟಿನಲ್ಲಿ ಇಪ್ಪತ್ತು ನಿಮಿಷ. ಕಡಲೆಕಾಯಿ ಮಾರುವವಳು ಬಂದು ಹೋದಳು, ಸೌತೆಕಾಯಿಯವನು ಬಂದು ಹೋದ. ಮುನಿರಾಜ ಸ್ಟಿಯರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಮುಂದಿನ ಬಸ್ಸಿನ ನಂಬರ್ ಪ್ಲೇಟನ್ನು ಬಾಯಿಪಾಠ ಮಾಡಿದ.

"ಮುನಿರಾಜ್ ಅವ್ರು ಮುನಿಸಿಕೊಂಡಿದಾರಾ?" ಅಂದಳು ಹಂಸ, ಮೆಲ್ಲಗೆ. ಅವಳು ಮಾಡಿದ ಮೊದಲ ಶ್ಲೇಷೆ ಅದು. ಬೇರೆ ದಿನವಾಗಿದ್ದರೆ ಅವನು ವ್ಯಾನಿನಿಂದ ಇಳಿದು ಕುಣಿಯುತ್ತಿದ್ದ.

"ಇಲ್ಲ."

"ಮತ್ತೆ?"

"ಒಂದನೇ ತಾರೀಖಿಂದ ವ್ಯಾನು ಫ್ಯಾಕ್ಟರಿಗೆ ಕೊಡ್ತಾ ಇದೀನಿ. ಶಿಫ್ಟ್ ಡ್ಯೂಟಿ. ಅಪ್ಪನಿಗೆ ಹೂಂ ಅಂದ್ಬಿಡ್ತೀನಿ."

ಅವಳು ಸೋಂಪಿನ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. "ಒಳ್ಳೇದು," ಅಂದಳು. ಪ್ರೆಸ್ಸಿನಲ್ಲಿ ಚೀಟಿ ಕೊಟ್ಟು ಬಂದು, ಮರ್ಫಿ ಟೌನಿನಲ್ಲಿ ಇಳಿಯುವಾಗ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದಳು.

ಡ್ಯಾಶ್‌ಬೋರ್ಡಿನಲ್ಲಿ ಅದು ಕೂತಿದ್ದ ಕಡೆ ದುಂಡನೆಯ ಒಂದು ಗುರುತು, ಧೂಳಿಲ್ಲದೆ ಉಳಿದಿತ್ತು.

ಮಾರನೆಯ ದಿನ ಬೆಳಗ್ಗೆ ಕೆಲಸ ಬಿಡುತ್ತೇನೆ ಅಂತ ಹೇಳಲು ಪ್ರೆಸ್ಸಿಗೆ ಹೋದರೆ, ಒಳಗೆ ಮಿಷನ್ನಿಗಿಂತ ದೊಡ್ಡ ಸದ್ದು.

"ಇಪ್ಪತ್ತೆರಡು ವರ್ಸ ಆತು ಮುದ್ದೆ ಕಟ್ಟಕ್ಕಿಡಿದು! ಒಬ್ಬ ಗಂಡಸು ಬ್ಯಾಡ ಅಂದಿಲ್ಲ, ಒಬ್ಬ ಹೆಂಗಸು ಬ್ಯಾಡ ಅಂದಿಲ್ಲ. ನೀನ್ಯಾವನಯ್ಯ ಚಪಾತಿ ಮಾಡು ಅನ್ನಕ್ಕೆ?"

ಪಿಳ್ಳಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಮೂರಡುಕಿನ ಕ್ಯಾರಿಯರ್ ಹಿಡಿದು, ಬಸ್ಸು ಹತ್ತಿ ಹಲಸೂರಿಗೇ ಬಂದುಬಿಟ್ಟಿದ್ದಳು. ಅಂಜನಮೂರ್ತಿ ಮೇಜಿನ ಆಚೆ ಆದಷ್ಟು ಹಿಂದಕ್ಕೆ ಸರಿದಿದ್ದರು.

"ಕೂತ್ಕೊಳ್ಳಮ್ಮ. ನಮ್ಮಲ್ಲಿ ರಿಜೆಕ್ಟ್ ಆದ ಪೀಸನ್ನ ತಿದ್ದಿ ತರೋಕೆ ರೀವರ್ಕ್ ಅಂತ ಒಂದು ಅವಕಾಶ ಇರುತ್ತೆ. ಅದಕ್ಕೇ ನಿನ್ನೆ ಪಂಕ್ಚರ್ ಅಂಗಡಿಗೆ ಫೋನ್ ಮಾಡಿ ಚಪಾತಿ ಮಾಡು ಅಂತ ಹೇಳಿದ್ದು. ಮುದ್ದೆ ಬೇಡ ಅಂತ ನಮ್ಮ ಹಂಸ ಷರಾ ಬರೆದಿದಾಳೆ, ನೋಡು." ಗುಲಾಬಿ ಚೀಟಿಯನ್ನು ಎತ್ತಿ ಹಿಡಿದರು. "ಮು. ಬೇಡ."

ಮುನಿರಾಜನಿಗೆ ತಡೆಯಲಾಗಲಿಲ್ಲ. "ಸಾರ್, ಅದು ಮುದ್ದೆ ಅಲ್ಲ. ಅದು ನಾನು."

"ನೀನು?"

"ಮುನಿರಾಜ್ ಬೇಡ ಅಂತ."

"ಹೋಟೆಲ್ ಷರಾದಲ್ಲಿ ನಿನ್ನ ಹೆಸರು ಯಾಕೆ ಬರುತ್ತಯ್ಯಾ? ನೀನೇನು ತಿಂಡಿಯಾ?"

"ಮುದ್ದೆ ಹೆಂಗ್ ಬ್ಯಾಡ ಅಂತಾಳೆ ಸಾರ್? ಎರಡು ಮುದ್ದೆ ಉಂಡವ್ಳೆ, ನಾನೇ ಬಡಿಸೀವ್ನಿ," ಅಂದಳು ಪಿಳ್ಳಮ್ಮ. ಈಗ ಅವಳ ಸಿಟ್ಟಿಗೆ ಕುತೂಹಲ ಬೆರೆತಿತ್ತು. ಮುನಿರಾಜನನ್ನು ಮೇಲಿಂದ ಕೆಳಗೆ ನೋಡಿದಳು. "ಇವನ್ನ ಬ್ಯಾಡ ಅಂದಿದ್ರೂ ಅನ್ಬೋದು."

ಆಗ ಹಂಸ ಬಂದಳು. ಬಾಗಿಲಲ್ಲಿ ಮೂರು ಜನರ ಕಣ್ಣು ತನ್ನ ಮೇಲೆ ಬಿದ್ದದ್ದು ಕಂಡು ನಿಂತಳು. ಅಂಜನಮೂರ್ತಿ ಚೀಟಿ ತೋರಿಸಿದರು. ಅವಳ ಮುಖ ಕಿವಿಯಿಂದ ಶುರುವಾಗಿ ಆ ಚೀಟಿಯ ಬಣ್ಣಕ್ಕೆ ತಿರುಗಿತು.

"ಯೋಳ್ಬುಡವ್ವ," ಅಂದಳು ಪಿಳ್ಳಮ್ಮ. "ಮುದ್ದೆ ಬ್ಯಾಡವೋ ಮುನಿರಾಜ ಬ್ಯಾಡವೋ?"

ಹಂಸ ಪಿಳ್ಳಮ್ಮನ ಹತ್ತಿರ ಹೋಗಿ ಕ್ಯಾರಿಯರ್ ಹಿಡಿದಿದ್ದ ಕೈಯನ್ನು ಹಿಡಿದುಕೊಂಡಳು. "ಅಮ್ಮ, ತಪ್ಪು ನಂದು. ನಿಮ್ಮ ಮುದ್ದೇಲಿ ಏನೂ ಕೊರತೆ ಇಲ್ಲ. ಇಷ್ಟು ದಿನದಲ್ಲಿ ಅಂಥ ಊಟ ನಾವು ಉಂಡಿಲ್ಲ. ನನ್ನ ಒಂದು ಸ್ವಂತ ವಿಷಯಕ್ಕೆ ನಿಮ್ಮ ಹೆಸರು ಕೆಡಿಸ್ಬಿಟ್ಟೆ." ಆಮೇಲೆ ಅಂಜನಮೂರ್ತಿಯವರ ಕೈಯಿಂದ ಹಳೇ ಚೀಟಿ ಇಸಿದುಕೊಂಡು ಬ್ಯಾಗಿಗೆ ಹಾಕಿ, ಮೇಜಿನ ಮೇಲಿನ ಪೆನ್ನು ತೆಗೆದುಕೊಂಡು, ಹೊಸ ಚೀಟಿಯಲ್ಲಿ ಪಾಸ್ ಅಂತ ಬರೆದು ಸಹಿ ಹಾಕಿ, ಮುನಿರಾಜನ ಮುಂದೆ ಹಿಡಿದಳು. "ನೀವೂ ಹಾಕಿ. ನಲವತ್ತು."

ಮುನಿರಾಜ ಹಾಕಿದ.

"ಹಾಗಾದ್ರೆ ಮು. ಅಂದ್ರೆ ಏನಮ್ಮ?" ಅಂದರು ಅಂಜನಮೂರ್ತಿ. ಮೂವತ್ತು ವರ್ಷದ ಇನ್‌ಸ್ಪೆಕ್ಟರು, ಕಾರಣ ಗೊತ್ತಾಗದೆ ಫೈಲು ಮುಚ್ಚುವವರಲ್ಲ.

"ಮುದ್ರಣದೋಷ ಸಾರ್," ಅಂದಳು ಹಂಸ, ನೆಲ ನೋಡುತ್ತಾ. "ಪಿಳ್ಳಮ್ಮನವರನ್ನ ಊರಿಗೆ ಬಿಟ್ಟು ಬರ್ತೀವಿ."

ಪಿಳ್ಳಮ್ಮ ಕ್ಯಾರಿಯರ್ ಸಮೇತ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಹಂಸ ಹಿಂದೆ. ಮುನಿರಾಜ ಹಿಂದಿನ ಲಾರಿಗಳು ಕಾಣಬೇಕಾದ ಕನ್ನಡಿಯನ್ನು ಸ್ವಲ್ಪ ಸರಿಸಿದ. ಅವಳ ಹಣೆ ಕಂಡಿತು. ಇನ್ನೂ ಸ್ವಲ್ಪ ಸರಿಸಿದ. ಕಣ್ಣು ಕಂಡವು. ಅವು ಮೊದಲೇ ಕನ್ನಡಿಯಲ್ಲಿ ಬಂದು ಕಾಯುತ್ತಿದ್ದವು. ಇಬ್ಬರೂ ಒಟ್ಟಿಗೆ ಬೇರೆ ಕಡೆ ನೋಡಿದರು.

"ರಸ್ತೆ ನೋಡ್ಕೊಂಡು ಓಡ್ಸಪ್ಪ," ಅಂದಳು ಪಿಳ್ಳಮ್ಮ. "ನಾನು ಇನ್ನಾ ಸ್ವಲ್ಪ ದಿವ್ಸ ಮುದ್ದೆ ಕಟ್ಟಬೇಕು."

ಮೆಸ್ಸು ತಲುಪಿದ ಮೇಲೆ, ಒಲೆ ಹಚ್ಚಿ ಬರುತ್ತೇನೆ, ಉಣ್ಣದೆ ಹೋಗಕೂಡದು ಅಂತ ಅವಳು ಒಳಗೆ ಹೋದಳು. ಬೆಂಚಿನ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಹಂಸ. ಆಚೆ ರಸ್ತೆಯಲ್ಲಿ ಕೋಲಾರದ ಬಸ್ಸು ಹೋಯಿತು.

ಮುನಿರಾಜ ಅಂಜನಮೂರ್ತಿಯವರ ದನಿಯಲ್ಲಿ ಶುರುಮಾಡಿದ: "ಹಂಸಾ, ಈ ಪೀಸು..."

"ಬೇಡ," ಅಂದಳು. "ಸಾರ್ ಬೇಡ. ಸಪ್ಲೈಯರ್ ಬೇಡ. ಇವತ್ತು ನೀವೇ ಮಾತಾಡಿ."

ತನ್ನ ದನಿ ತನಗೇ ಅಪರಿಚಿತ. ಅದು ಬಂದಾಗ ಒಣಗಿತ್ತು, ಸಣ್ಣದಾಗಿತ್ತು, ಯಾರ ಹಾಗೂ ಇರಲಿಲ್ಲ. "ಆ ದೋಸೆ ಚೆನ್ನಾಗಿತ್ತು ಹಂಸ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿತ್ತು. ಐದಕ್ಕೆ ಐದೂ ಚೆನ್ನಾಗಿದ್ವು. ನಲವತ್ತಾದ್ರೆ ನೀವು ವ್ಯಾನು ಹತ್ತಲ್ಲವಲ್ಲ ಅಂತ ಸುಳ್ಳು ಹೇಳಿದೆ. ನೀವು ಪಕ್ಕದಲ್ಲಿ ಇಲ್ಲದೆ ಏನು ತಿಂದ್ರೂ ನನಗೆ ರುಚಿ ಗೊತ್ತಾಗಲ್ಲ. ಇಲ್ಲಿ ಮಾತ್ರ ಸುಳ್ಳು ಹೇಳೋಕಾಗಲಿಲ್ಲ. ನೀವು ಬೇಡ ಅಂದ್ರೂ ಪರವಾಗಿಲ್ಲ, ಇದನ್ನ ಹೇಳ್ಬೇಕಿತ್ತು."

ಶ್ಲೇಷೆ ಇಲ್ಲ, ಅಣಕು ಇಲ್ಲ. ಹಂಸ ನಗಲಿಲ್ಲ. ಬ್ಯಾಗಿನಿಂದ ಆ ಹಳೇ ಗುಲಾಬಿ ಚೀಟಿ ತೆಗೆದು ಬೆಂಚಿನ ಮೇಲೆ ಅವನ ಕಡೆಗೆ ಸರಿಸಿದಳು. ಮು. ಮುಂದೆ ಉಳಿದಿದ್ದ ಸಣ್ಣ ಜಾಗದಲ್ಲಿ, ಪ್ರೂಫ್ ತಿದ್ದುವಾಗ ಬಿಟ್ಟುಹೋದ ಅಕ್ಷರ ಸೇರಿಸುವ ಹಾಗೆ, ಒಂದು ಬಾಣದ ಗುರುತು ಹಾಕಿ ಮೇಲೆ ಬರೆದಿದ್ದಳು.

ಮುಗಿಯೋದು ಬೇಡ.

"ನನ್ನ ನಾಲ್ಕೂ ಸುಳ್ಳೇ," ಅಂದಳು. "ಆ ಇಡ್ಲಿ ಹತ್ತಿ ಹಾಗಿತ್ತು. ಈ ಸಾರಿಗೆ ಉ.ಹೆ. ಅಂತ ಬರೆಯೋಕೆ ಹೋದೆ, ಕೈ ಬರಲಿಲ್ಲ. ಏನೂ ಹೊಳೀದೆ ನಿಜಾನೇ ಬರೆದ್ಬಿಟ್ಟೆ. ನೀವು ಎಲ್ಲದಕ್ಕೂ ಎರಡರ್ಥ ಹುಡುಕೋರು, ಇದೊಂದಕ್ಕೆ ಹುಡುಕಲಿಲ್ಲ."

ಮುನಿರಾಜ ಅದನ್ನು ಎರಡು ಸಲ ಓದಿದ. ಚೀಟಿಯನ್ನು ಹಿಡಿದುಕೊಂಡು ಕೂತ.

ಅವಳು ಬೆಂಚಿನ ಮೇಲೆ ಒಂದು ಮೊಳ ಇತ್ತ ಸರಿದಳು. ಬ್ಯಾಗಿನಿಂದ ಸೋಂಪಿನ ಡಬ್ಬಿ ತೆಗೆದು ಇಬ್ಬರ ನಡುವೆ ಇಟ್ಟಳು. "ಒಂಬತ್ತು ಹೋಟೆಲಿಗೆ ಅನ್ಯಾಯ ಮಾಡಿದೀವಿ. ಒಂದೊಂದಕ್ಕೂ ಹೋಗಿ ಮರ್ಯಾದೆಯಾಗಿ ಉಂಡು ಬರಬೇಕು. ಅಂಜನಮೂರ್ತಿ ಸಾರ್ ಹತ್ರ ಎಲ್ಲ ಹೇಳಿಬಿಡೋಣ, ಬೈದ್ರೆ ಬೈಸ್ಕೊಳೋಣ. ನಿಮ್ಮ ಫ್ಯಾಕ್ಟರಿಯವರು ಭಾನುವಾರ ರಜ ಕೊಡ್ತಾರಾ?"

"ಕೊಡ್ತಾರೆ."

"ಮತ್ತೆ ಅಪ್ಪನಿಗೆ ಹೂಂ ಅನ್ನಿ. ಹಾಗೇ ನನ್ನ ವಿಷಯಕ್ಕೂ ಹೂಂ ಅನ್ನಿಸ್ಕೊಂಡು ಬನ್ನಿ."

ಒಳಗಿಂದ ಮುದ್ದೆ ತಿರುವುವ ಸದ್ದು, ಕೋಲು ಪಾತ್ರೆಗೆ ಬಡಿಯುತ್ತಿತ್ತು. ಮುನಿರಾಜನಿಗೆ ಎಷ್ಟೋ ದಿನದ ಮೇಲೆ ಹಸಿವಾಯಿತು.

"ರೀ," ಅಂದಳು ಹಂಸ.

ಅವನು ಕಾದ. ರಸ್ತೆಯಲ್ಲಿ ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು.

"ಮುಂದಿಂದು? ಜೆಕ್ಟ್?"

"ಮುಂದಿಂದು ಏನೂ ಇಲ್ಲ," ಅಂದಳು. "ಅಷ್ಟೇ."

ಅವಳ ಭುಜ ಕುಲುಕುತ್ತಿತ್ತು.